ಕಳ್ಳತನ ತಡೆಯುವ ಗೇಟ್: ಯಂತ್ರ ಆರಿಸುವ ಮುಂಚೆ ಬಾಗಿಲು ಅಳೆಯಿರಿ

ಅಂಗಡಿ ಇಟ್ಟುಕೊಂಡಿರುವ ಗೆಳೆಯರು ಈಚೆಗೆ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. "ಬಾಗಿಲಲ್ಲಿ ಬೀಪ್ ಅನ್ನೋ ಗೇಟ್ ಹಾಕಿಸಬೇಕು. ಎಎಂ ತಗೊಳ್ಳೋದಾ, ಆರ್‌ಎಫ್ ತಗೊಳ್ಳೋದಾ?" ಎಎಂ (ಅಕೌಸ್ಟೊ ಮ್ಯಾಗ್ನೆಟಿಕ್), ಆರ್‌ಎಫ್ (ರೇಡಿಯೊ ಫ್ರೀಕ್ವೆನ್ಸಿ) ಅನ್ನುವುದು ಇಂಥ ಗೇಟಿನ ಎರಡು ಬಗೆ; ಮಾಲಿಗೆ ಹಾಕಿದ ಟ್ಯಾಗ್ ತೆಗೆಯದೇ ಎರಡು ಕಂಬದ ನಡುವೆ ದಾಟಿದರೆ ಗೇಟ್ ಕೂಗುತ್ತದೆ. ಕೇಳುವವರ ಕೈಯಲ್ಲಿ ಎರಡು ಕೊಟೇಶನ್ ಇರುತ್ತವೆ. ಒಂದು ಕಡಿಮೆ, ಒಂದು ಜಾಸ್ತಿ. ನಾನು ತಿರುಗಿ ಕೇಳುತ್ತೇನೆ: "ನಿಮ್ಮ ಶಟರ್ ಎಷ್ಟು ಅಡಿ? ಶಟರ್‌ನಿಂದ ಮೊದಲನೇ ರ‍್ಯಾಕ್‌ಗೆ ಎಷ್ಟು ಅಡಿ?" ಹೆಚ್ಚಿನವರು ಅಳೆದಿರುವುದಿಲ್ಲ. ಗೇಟ್ ಮಾರಲು ಬಂದವರೂ ಅಳೆದಿರುವುದಿಲ್ಲ.

ಶಿವಮೊಗ್ಗದಲ್ಲಿ ನಮ್ಮಣ್ಣನ ರೆಡಿಮೇಡ್ ಬಟ್ಟೆ ಅಂಗಡಿ ಇದೆ. ನಾವೂ ಅಳೆಯದೇ ಹಾಕಿಸಿದವರು. ಡೆಮೊ ನಡೆದದ್ದು ಬೆಳಗ್ಗೆ 11 ಗಂಟೆಗೆ. ಟ್ಯಾಗ್ ಹಿಡಿದು ದಾಟಿದಾಗಲೆಲ್ಲ ಗೇಟ್ ಕೂಗಿತು. ದುಡ್ಡು ಕೊಟ್ಟೆವು. ಸಂಜೆ ಹೊರಗಿನ ಎಲ್‌ಇಡಿ ಬೋರ್ಡ್ ಹಾಕಿದ ಕೂಡಲೇ ಯಾರು ದಾಟಿದರೂ ಕೂಗಲು ಶುರುವಾಯಿತು. ಅವತ್ತು ಮೊಮ್ಮಗನಿಗೆ ಅಂಗಿ ತಗೊಂಡು ಹೊರಟಿದ್ದ ಒಬ್ಬರು ಅಜ್ಜಿ ಬೀಪ್ ಕೇಳಿ ನಿಂತುಬಿಟ್ಟರು. ಯಾರೂ ಏನೂ ಕೇಳುವ ಮುಂಚೆಯೇ ಚೀಲವನ್ನು ಗಲ್ಲಾದ ಮೇಲೆ ಸುರಿದರು. ಎಲೆ ಅಡಿಕೆ, ಬಸ್ ಟಿಕೆಟ್, ಮಾತ್ರೆ ಚೀಟಿ, ನಮ್ಮದೇ ಬಿಲ್ಲು. ಅಣ್ಣ ಕೈಮುಗಿದು ಕ್ಷಮೆ ಕೇಳಿದ. ಅಜ್ಜಿ ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ.

ಮಾರಿದವರನ್ನು ಕರೆಸಿದೆವು. ಅವರು ಬಂದು ಸೆನ್ಸಿಟಿವಿಟಿ, ಅಂದರೆ ಗೇಟ್ ಟ್ಯಾಗ್ ಹಿಡಿಯುವ ಚುರುಕು, ಇಳಿಸಿ ಹೋದರು. ಕೂಗು ನಿಂತಿತು. ಒಂದು ತಿಂಗಳು ಆರಾಮಾಗಿದ್ದೆವು. ಆಮೇಲೊಂದು ದಿನ ಅಣ್ಣನ ಮಗಳು ಸುಮ್ನೆ ಆಟಕ್ಕೆ ಟ್ಯಾಗ್ ಇದ್ದ ಪ್ಯಾಂಟ್ ಹಿಡಿದು ಗೇಟಿನ ನಡುವೆ ಓಡಿದಳು. ಗೇಟ್ ಕೂಗಲೇ ಇಲ್ಲ. ಎರಡು ಕಂಬದ ಹತ್ತಿರ ಮಾತ್ರ ಅದಕ್ಕೆ ಕಾಣುತ್ತಿತ್ತು. ನಡುವಿನ ಜಾಗ ಪೂರ್ತಿ ಕುರುಡು.

ಅದಾದ ಮೇಲೆ ನಾನು ಇದನ್ನು ಕೂತು ಕಲಿತೆ. ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಯಂತ್ರಕ್ಕಿಂತ ಮೊದಲು ಜಾಗದ ಮಾತು ಆಡೋಣ.

ಮೊದಲು ನೋಡಬೇಕಾದ್ದು

ಬಾಗಿಲಿನ ಅಗಲ ಮೊದಲನೆಯದು. ನಮ್ಮ ಊರುಗಳ ಅಂಗಡಿ ಶಟರ್ 8 ಅಡಿಯೋ 10 ಅಡಿಯೋ ಇರುತ್ತದೆ. 10 ಅಡಿ ಅಂದರೆ ಸುಮಾರು 3 ಮೀಟರ್. ಯಾವ ಜೋಡಿ ಕಂಬವೂ ಅಷ್ಟು ಅಗಲವನ್ನು ನಂಬುವ ಹಾಗೆ ಕಾಯುವುದಿಲ್ಲ. ಹಾಗಾಗಿ ಕಂಬ ಹೆಚ್ಚಿಸಬೇಕು, ಇಲ್ಲವೇ ಬಾಗಿಲು ಕಿರಿದು ಮಾಡಬೇಕು. ಎರಡನೆಯದು ಎಷ್ಟೋ ಸಲ ಅಗ್ಗ. ಶಟರ್ 10 ಅಡಿ ಇದ್ದರೂ ಒಳಗೆ ಒಂದು ಪಕ್ಕ ಶೋಕೇಸ್ ಗಾಜು ನಿಲ್ಲಿಸಿ 4 ಅಡಿ ದಾರಿ ಬಿಟ್ಟರೆ ಒಂದೇ ಜೋಡಿ ಸಾಕು. ಆದರೆ ಗಾಲಿಕುರ್ಚಿ ಬರುವ ಜಾಗ ಉಳಿಸಿ. ಸಾರ್ವಜನಿಕ ಕಟ್ಟಡಗಳ ಬಾಗಿಲಿಗೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುವ ಕನಿಷ್ಠ ಅಗಲ 900 ಮಿಲಿಮೀಟರ್, ಅಂದರೆ ಸುಮಾರು 3 ಅಡಿ. ಕಂಬಗಳ ನಡುವೆ ಅದಕ್ಕಿಂತ ಕಡಿಮೆ ಇಡಲೇಬಾರದು. ಬೆಂಕಿ ಬಿದ್ದಾಗ ಜನ ಓಡುವ ದಾರಿಯೂ ಅದೇ ಅಲ್ವಾ?

ಒಳಗಿನ ಆಳ ಎರಡನೆಯದು. ಇದನ್ನು ಎಲ್ಲರೂ ಮರೆಯುತ್ತಾರೆ. ಗೇಟಿಗೆ ಕಾಣುವುದು ತನ್ನ ನಡುವಿನ ಜಾಗ ಮಾತ್ರವಲ್ಲ. ಹಿಂದೆ, ಪಕ್ಕದಲ್ಲಿ ಇರುವ ಟ್ಯಾಗ್ ಕೂಡ ಕಾಣುತ್ತದೆ. ಆದ್ದರಿಂದ ಟ್ಯಾಗ್ ಹಾಕಿದ ಮಾಲನ್ನು ಕಂಬದಿಂದ 3ರಿಂದ 5 ಅಡಿ ದೂರ ಇಡಬೇಕಾಗುತ್ತದೆ. ನಿಮ್ಮದು 10 ಅಡಿಗೆ 15 ಅಡಿ ಅಂಗಡಿ ಅಂದುಕೊಳ್ಳಿ. ಬಾಗಿಲ ಬಳಿ 4 ಅಡಿ ಬಿಟ್ಟರೆ 150 ಚದರ ಅಡಿಯಲ್ಲಿ 40 ಹೋಯಿತು. ಕಾಲು ಭಾಗಕ್ಕಿಂತ ಜಾಸ್ತಿ! ಬಾಗಿಲಲ್ಲೇ ಬೊಂಬೆ ನಿಲ್ಲಿಸಿ, ಶಟರ್ ಅಂಚಿಗೆ ಟೀ ಶರ್ಟ್ ನೇತುಹಾಕಿ ಗಿರಾಕಿ ಸೆಳೆಯುವ ಅಂಗಡಿಗೆ ಇದು ದೊಡ್ಡ ನಷ್ಟ. ಗೇಟಿನ ಬೆಲೆಯಲ್ಲಿ ಈ ಜಾಗದ ಬಾಡಿಗೆಯನ್ನೂ ಸೇರಿಸಿ ನೋಡಿ.

ಮೂರನೆಯದು ಬಾಗಿಲ ಸುತ್ತಲಿನ ಲೋಹ ಮತ್ತು ಕರೆಂಟು. ಕಬ್ಬಿಣದ ಶಟರ್, ಅಲ್ಯೂಮಿನಿಯಂ ಚೌಕಟ್ಟು, ಸ್ಟೀಲ್ ರ‍್ಯಾಕ್, ಎಲ್‌ಇಡಿ ದೀಪದ ಡ್ರೈವರ್, ಬೋರ್ಡಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಸಪ್ಲೈ, ಗಲ್ಲಾ ಕೆಳಗಿನ ಇನ್ವರ್ಟರ್. ಇವೆಲ್ಲ ಒಂದೊಂದು ಬಗೆಯ ಗೇಟಿಗೆ ಒಂದೊಂದು ರೀತಿ ಕಾಟ ಕೊಡುತ್ತವೆ. ಅದಕ್ಕೆ ಮುಂದೆ ಬರುತ್ತೇನೆ.

ನಾಲ್ಕನೆಯದು ನೆಲ. ಕಂಬವನ್ನು ಬೋಲ್ಟ್ ಹೊಡೆದು ನಿಲ್ಲಿಸಬೇಕು. ಒಂದು ಕಂಬದಿಂದ ಇನ್ನೊಂದಕ್ಕೆ ವೈರ್ ಹೋಗಲು ಗ್ರಾನೈಟ್ ಕೊರೆಯಬೇಕು. ಬಾಡಿಗೆ ಅಂಗಡಿಯಾದರೆ ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಬಾಯಿಮಾತು ಅಡ್ವಾನ್ಸ್ ವಾಪಸ್ ಕೇಳುವ ದಿನ ನೆನಪಿರುವುದಿಲ್ಲ. ಇನ್ನು ಮಲೆನಾಡಿನ ಮಳೆಗಾಲ ಇದೆ. ಛತ್ರಿಯಿಂದ ಸೋರುವ ನೀರು, ದಿನಕ್ಕೆ ಎರಡು ಸಲ ಒರೆಸುವ ನೀರು, ಎಲ್ಲ ಕಂಬದ ಬುಡಕ್ಕೇ ಹೋಗುತ್ತದೆ. ವೈರ್ ಪೈಪಿನೊಳಗೆ ಇರಲಿ, ಕೊರೆದ ಗೆರೆ ಸೀಲ್ ಆಗಿರಲಿ, ಅರ್ಥಿಂಗ್ ಸರಿ ಇರಲಿ.

ಐದನೆಯದು ಮಾಲು. ಬಟ್ಟೆಯೋ, ತುಪ್ಪದ ಡಬ್ಬಿಯೋ, ಪುಸ್ತಕವೋ? ಇದರ ಮೇಲೆಯೇ ವರ್ಷ ವರ್ಷದ ಖರ್ಚು ನಿಲ್ಲುತ್ತದೆ.

ಆರ್‌ಎಫ್: ಕಡಿಮೆ ಖರ್ಚು, ಸೂಕ್ಷ್ಮ ಸ್ವಭಾವ

ಆರ್‌ಎಫ್ ಗೇಟ್ ಕೆಲಸ ಮಾಡುವುದು ಸುಮಾರು 8.2 ಮೆಗಾಹರ್ಟ್ಜ್‌ನಲ್ಲಿ. ಟ್ಯಾಗ್ ಒಳಗೆ ಸುರುಳಿ ಸುತ್ತಿದ ತೆಳು ಲೋಹದ ಗೆರೆಯೂ ಒಂದು ಪುಟ್ಟ ಕೆಪಾಸಿಟರ್ ಕೂಡ ಇರುತ್ತವೆ. ಗೇಟಿನ ಅಲೆ ಬಂದಾಗ ಅದು ಮಿಡಿಯುತ್ತದೆ. ಕಾಗದದಷ್ಟು ತೆಳುವಾದ ಸ್ಟಿಕ್ಕರ್ ಮಾಡಬಹುದು, ಬೆಲೆ ಕಡಿಮೆ, ಮೇಲೆ ಬಾರ್‌ಕೋಡ್ ಕೂಡ ಅಚ್ಚು ಹಾಕಬಹುದು. ದಿನಸಿ ಸೂಪರ್‌ಮಾರ್ಕೆಟ್‌ಗಳಿಗೆ ಇದು ಇಷ್ಟವಾಗುವುದು ಅದಕ್ಕೇ. ಬಿಲ್ಲಿಂಗ್‌ನಲ್ಲಿ ಪ್ಯಾಡ್ ಮೇಲೆ ಹಾಯಿಸಿದರೆ ಸ್ಟಿಕ್ಕರ್ ಸಾಯುತ್ತದೆ.

ಮಿತಿ ಏನು? ಸ್ಟಿಕ್ಕರ್ ಚಿಕ್ಕದಾದಷ್ಟೂ ಕಂಬಗಳು ಹತ್ತಿರ ಬರಬೇಕು. ಸಾಮಾನ್ಯವಾಗಿ ಬಳಸುವ 4 ಸೆಂಟಿಮೀಟರ್ ಚೌಕದ ಸ್ಟಿಕ್ಕರ್‌ಗೆ ಕಂಬಗಳ ನಡುವೆ 3ರಿಂದ 4 ಅಡಿ ಇದ್ದರೆ ನಂಬಬಹುದು. ಗಟ್ಟಿ ಪ್ಲಾಸ್ಟಿಕ್ ಟ್ಯಾಗ್ ದೊಡ್ಡದಿದ್ದರೆ ಇನ್ನೊಂದಡಿ, ಒಂದೂವರೆ ಅಡಿ ಸಿಗುತ್ತದೆ. 10 ಅಡಿ ಶಟರ್‌ಗೆ ಸ್ಟಿಕ್ಕರ್ ನಂಬಿ ಆರ್‌ಎಫ್ ಹಾಕಿದರೆ ನಾಲ್ಕು ಕಂಬ ಬೇಕಾಗುತ್ತದೆ. ಬಾಗಿಲು ಬೇಲಿಯಂತೆ ಕಾಣುತ್ತದೆ.

ಲೋಹಕ್ಕೂ ಆರ್‌ಎಫ್‌ಗೂ ಆಗಿಬರುವುದಿಲ್ಲ. ತುಪ್ಪದ ತಗಡಿನ ಡಬ್ಬಿ, ಮಕ್ಕಳ ಹಾಲಿನಪುಡಿ ಡಬ್ಬಿ, ಡಿಯೋಡರೆಂಟ್, ಫಾಯಿಲ್ ಸುತ್ತಿದ ಚಾಕೊಲೇಟ್: ಇವುಗಳ ಮೇಲೆ ನೇರ ಅಂಟಿಸಿದ ಸ್ಟಿಕ್ಕರ್ ಹೆಚ್ಚುಕಡಿಮೆ ಮೂಕವಾಗುತ್ತದೆ. ಎಣ್ಣೆ, ನೀರಿನ ಬಾಟಲಿ ಮೇಲೂ ಬಲ ಕುಂದುತ್ತದೆ. ಇನ್ನೊಂದು ವಿಚಿತ್ರ ಇದೆ. ಸುತ್ತಲೂ ಕೂಡಿಕೊಂಡ ಲೋಹದ ಚೌಕಟ್ಟು, ಸುರುಳಿ ಸುತ್ತಿಟ್ಟ ಎಕ್ಸ್‌ಟೆನ್ಶನ್ ವೈರ್, ಇವೆಲ್ಲ ಒಮ್ಮೊಮ್ಮೆ ತಾವೇ ಟ್ಯಾಗ್ ಆಗಿಬಿಡುತ್ತವೆ. ಕಂಬದ ಪಕ್ಕದಲ್ಲಿ ಅಲ್ಯೂಮಿನಿಯಂ ಚೌಕಟ್ಟಿನ ಬಾಗಿಲು ತೆಗೆದು ಹಾಕುತ್ತಿದ್ದರೆ ಗೇಟಿಗೆ ಗೊಂದಲ. ನಮ್ಮ ಮೊದಲ ಗೇಟ್ ಆರ್‌ಎಫ್. ಅದನ್ನು ನಿಲ್ಲಿಸಿದ್ದು ಶಟರ್ ಚಾನೆಲ್‌ನಿಂದ ಒಂದು ಗೇಣು ದೂರದಲ್ಲಿ. ಮೇಲೆ ಎಲ್‌ಇಡಿ ಬೋರ್ಡಿನ ಸಪ್ಲೈ. ಯಂತ್ರ ಕೆಟ್ಟದ್ದಲ್ಲ, ನಿಲ್ಲಿಸಿದ ಜಾಗ ಕೆಟ್ಟದ್ದು.

ಎಎಂ: ಅಗಲ ಬಾಗಿಲಿಗೆ, ಆದರೆ ಕರೆಂಟಿನ ತಾಳ ನೋಡಿ

ಎಎಂ ಗೇಟ್ 58 ಕಿಲೋಹರ್ಟ್ಜ್‌ನಲ್ಲಿ ಕೆಲಸ ಮಾಡುತ್ತದೆ. ಟ್ಯಾಗ್ ಒಳಗೆ ವಿಶೇಷ ಲೋಹದ ತೆಳು ಪಟ್ಟಿ, ಪಕ್ಕದಲ್ಲಿ ಒಂದು ಸಣ್ಣ ಅಯಸ್ಕಾಂತದ ಪಟ್ಟಿ. ಕಂಬ ಒಂದು ಸಲ ಜೋರಾಗಿ ಕೂಗುತ್ತದೆ (ಇದು ಬೀಪ್ ಅಲ್ಲ, ನಮ್ಮ ಕಿವಿಗೆ ಕೇಳದ ಅಲೆ), ಆಮೇಲೆ ಸುಮ್ಮನಾಗಿ ಕೇಳಿಸಿಕೊಳ್ಳುತ್ತದೆ. ದೇವಸ್ಥಾನದ ಗಂಟೆ ಹೊಡೆದ ಮೇಲೂ ನಾದ ಉಳಿಯುತ್ತದಲ್ಲ, ಹಾಗೆ ಟ್ಯಾಗ್ ಒಳಗಿನ ಪಟ್ಟಿಯ ನಾದ ಕ್ಷಣಹೊತ್ತು ಉಳಿಯುತ್ತದೆ. ಆ ಉಳಿದ ನಾದವನ್ನೇ ಕಂಬ ಹಿಡಿಯುತ್ತದೆ. ಸೆಕೆಂಡಿಗೆ ಹತ್ತಾರು ಸಲ ಹೀಗೆ ಕೂಗುವುದು, ಕೇಳುವುದು.

ಇದರಿಂದ ಏನು ಲಾಭ? ಗಟ್ಟಿ ಟ್ಯಾಗ್ ಆದರೆ ಕಂಬಗಳ ನಡುವೆ ಆರು ಅಡಿಯಷ್ಟು ಜಾಗ ಬಿಡಬಹುದು. 10 ಅಡಿ ಶಟರ್‌ಗೆ ಮೂರು ಕಂಬ ಸಾಕು, ನಡುವೆ ಎರಡು ದಾರಿ. ಲೋಹ, ಫಾಯಿಲ್ ಪಕ್ಕದಲ್ಲಿ ಆರ್‌ಎಫ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಂತ ತಗಡಿನ ಡಬ್ಬಿ ಇದಕ್ಕೂ ಸಲೀಸಲ್ಲ. ಲೇಬಲ್ಲನ್ನು ಪ್ಲಾಸ್ಟಿಕ್ ಮುಚ್ಚಳದ ಮೇಲೆ ಹಾಕಿದರೆ ಒಳ್ಳೆಯದು. ಕಂಬ ಬೇಡವೇ ಬೇಡ ಅನ್ನುವವರಿಗೆ ನೆಲದೊಳಗೆ ಸುರುಳಿ ಹೂಳುವ ವ್ಯವಸ್ಥೆಯೂ ಎಎಂನಲ್ಲಿ ಇದೆ. ಅದಕ್ಕೆ ನೆಲ ಅಗೆಯಬೇಕು. ಕಟ್ಟಡ ಕಟ್ಟುವಾಗಲೇ ಯೋಚಿಸಿದರೆ ಸರಿ. ಗ್ರಾನೈಟ್ ಹಾಕಿ ಮುಗಿಸಿದ ಮೇಲೆ, ಅದರಲ್ಲೂ ಬಾಡಿಗೆ ಮಳಿಗೆಯಲ್ಲಿ, ಆ ಆಸೆ ಬಿಡಿ.

ತೊಂದರೆಗಳೂ ಇವೆ. ಲೇಬಲ್ ಸ್ವಲ್ಪ ದಪ್ಪ, ಬೆಲೆ ಜಾಸ್ತಿ. ಆದರೆ ನಿಜವಾದ ತಲೆನೋವು ಬೇರೆ. ಯಾವಾಗ ಕೂಗಬೇಕು, ಯಾವಾಗ ಕೇಳಬೇಕು ಅನ್ನುವುದನ್ನು ಈ ಗೇಟ್ ಸಾಮಾನ್ಯವಾಗಿ ನಮ್ಮ 50 ಹರ್ಟ್ಜ್ ಕರೆಂಟಿನ ತಾಳಕ್ಕೆ ಹೊಂದಿಸಿಕೊಂಡಿರುತ್ತದೆ. ಪಕ್ಕದ ಅಂಗಡಿಯಲ್ಲೂ ಎಎಂ ಇದ್ದು, ಅದರ ತಾಳ ಬೇರೆ ಇದ್ದರೆ, ನಿಮ್ಮ ಗೇಟ್ ಕೇಳಿಸಿಕೊಳ್ಳುವ ಹೊತ್ತಿಗೆ ಅದು ಕೂಗುತ್ತದೆ. ಮಾಲ್‌ಗಳಲ್ಲಿ ಒಂದೊಂದು ಮಳಿಗೆ ಕರೆಂಟಿನ ಒಂದೊಂದು ಫೇಸ್‌ನಲ್ಲಿ ಇರುತ್ತದೆ, ತಾಳವೂ ಬೇರೆಬೇರೆ, ಹಾಗಾಗಿ ಹಾಕುವವರು ಅಕ್ಕಪಕ್ಕ ನೋಡಿ ಹೊಂದಿಸಬೇಕು. ಕರೆಂಟ್ ಹೋದಾಗ ನೀವು ನಿಮ್ಮ ಇನ್ವರ್ಟರ್ ಮೇಲೆ, ಪಕ್ಕದವರು ಜನರೇಟರ್ ಮೇಲೆ ಹೋದರೆ ಹೊಂದಿಕೆ ತಪ್ಪಬಹುದು. ನಮ್ಮ ಕಡೆ ಕರೆಂಟ್ ಹೋಗದ ದಿನ ಯಾವುದು? ಅದಕ್ಕೇ ಡೆಮೊ ಹೊತ್ತಿನಲ್ಲಿ ಮೇನ್ ಸ್ವಿಚ್ ಆರಿಸಿ, ಇನ್ವರ್ಟರ್ ಮೇಲೆ ಗೇಟ್ ಹೇಗೆ ನಡೆಯುತ್ತದೆ ಅಂತ ನೋಡಲೇಬೇಕು.

ಆರ್‌ಎಫ್‌ಐಡಿ: ಏನು ಹೋಯಿತು ಅಂತ ಹೇಳುತ್ತದೆ

ಮೇಲಿನ ಎರಡೂ "ಏನೋ ಹೋಯಿತು" ಅನ್ನುತ್ತವೆ. ಆರ್‌ಎಫ್‌ಐಡಿ, ಅಂದರೆ ರೇಡಿಯೊ ಅಲೆಯಿಂದ ವಸ್ತುವಿನ ಗುರುತು ಓದುವ ಬಗೆ, "ನೀಲಿ ಶರ್ಟ್, 40 ಸೈಜ್ ಹೋಯಿತು" ಅನ್ನುತ್ತದೆ. ಒಂದೊಂದು ಪೀಸಿಗೂ ಒಂದೊಂದು ನಂಬರ್. ಡೆಕಾಥ್ಲಾನ್ ಮಳಿಗೆಯಲ್ಲಿ ಸಾಮಾನನ್ನು ಪೆಟ್ಟಿಗೆಯೊಳಗೆ ಇಟ್ಟ ಕೂಡಲೇ ಬಿಲ್ ಬರುವುದನ್ನು ನೀವು ನೋಡಿರಬಹುದು, ಅದು ಇದೇ. ನಮ್ಮ ದೇಶದಲ್ಲಿ ಇದಕ್ಕೆ ಬಳಸುವುದು 865ರಿಂದ 868 ಮೆಗಾಹರ್ಟ್ಜ್ ಅಲೆಗಳ ಪಟ್ಟಿ. ಬೇರೆ ದೇಶದ ಪಟ್ಟಿಗೆ ಹೊಂದಿಸಿದ ರೀಡರ್ (ಟ್ಯಾಗ್ ಓದುವ ಯಂತ್ರ) ಅಗ್ಗಕ್ಕೆ ಸಿಗುತ್ತದೆ ಅಂತ ತರಿಸಬೇಡಿ.

ಇದರ ಮಿತಿ ಮೊದಲಿನವುಗಳ ತಿರುವುಮುರುವು. ಆರ್‌ಎಫ್‌ಗೆ ಕಾಣುವುದು ಕಡಿಮೆ ಅನ್ನುವ ಚಿಂತೆ. ಇದಕ್ಕೆ ಕಾಣುವುದು ಜಾಸ್ತಿ ಅನ್ನುವ ಚಿಂತೆ. ಹಲವು ಮೀಟರ್ ದೂರದ ಟ್ಯಾಗನ್ನೂ ಓದುತ್ತದೆ. ಬಾಗಿಲ ಬಳಿ ನೇತುಹಾಕಿದ ಅಂಗಿ ಹೊರಗೆ ಹೋಗುತ್ತಿದೆಯೋ, ಅಲ್ಲೇ ಇದೆಯೋ ಅಂತ ಬಿಡಿಸಿ ಹೇಳಲು ಜಾಣ ಸಾಫ್ಟ್‌ವೇರ್ ಬೇಕು. ಕಬ್ಬಿಣದ ಶಟರ್‌ಗೆ ಅಲೆ ಬಡಿದು ವಾಪಸ್ ಬರುತ್ತದೆ. ಇನ್ನೊಂದು ಕಡೆ, ಮೈಗೆ ಒತ್ತಿ ಹಿಡಿದ ಟ್ಯಾಗ್ ತಪ್ಪಿಸಿಕೊಳ್ಳಬಹುದು, ಏಕೆಂದರೆ ನಮ್ಮ ಮೈಯಲ್ಲಿರುವ ನೀರು ಈ ಅಲೆಯನ್ನು ಹೀರುತ್ತದೆ. ಒಂದೇ ಸಣ್ಣ ಅಂಗಡಿಗೆ ಇದು ಭಾರ. ಐದಾರು ಶಾಖೆ ಇದ್ದು, ಸ್ಟಾಕ್ ಎಣಿಸಲು ರಾತ್ರಿಯಿಡೀ ಕೂರುವವರಿಗೆ ಮಾತ್ರ ನಾನು ಇದನ್ನು ಹೇಳುತ್ತೇನೆ. ಅವರಿಗೆ ಎಣಿಕೆಯಲ್ಲೇ ದುಡ್ಡು ಹುಟ್ಟುತ್ತದೆ, ಗೇಟ್ ಅದರ ಜೊತೆಗೆ ಬರುತ್ತದೆ.

ಇಎಂ (ಎಲೆಕ್ಟ್ರೊ ಮ್ಯಾಗ್ನೆಟಿಕ್) ಅನ್ನುವ ಹಳೆಯ ಬಗೆಯೂ ಇದೆ. ಕೂದಲೆಳೆಯಂಥ ಪಟ್ಟಿಯನ್ನು ಪುಸ್ತಕದ ಹೊಲಿಗೆಯೊಳಗೆ ಅಡಗಿಸಬಹುದು, ಬೇಕಾದಾಗ ಮತ್ತೆ ಜೀವ ಕೊಡಬಹುದು. ಪುಸ್ತಕ ಹೋಗಿ ವಾಪಸ್ ಬರುವ ಲೈಬ್ರರಿಗೆ ಅದು ಸರಿ. ಕಂಬಗಳ ನಡುವೆ 3 ಅಡಿಯಷ್ಟೇ ಸಿಗುತ್ತದೆ. ಅಂಗಡಿಗೆ ಬೇಡ.

ಯಾರಿಗೆ ಯಾವುದು

ಬಟ್ಟೆ ಅಂಗಡಿಗೆ ಗಟ್ಟಿ ಟ್ಯಾಗ್. ಅದು ಮರುಬಳಕೆಯಾಗುತ್ತದೆ. ನೀವು ಕೊಳ್ಳಬೇಕಾದ್ದು ಅಂಗಡಿಯಲ್ಲಿ ಒಂದು ಹೊತ್ತಿಗೆ ಇರುವ ಪೀಸುಗಳಷ್ಟು ಮಾತ್ರ, ವರ್ಷದ ಮಾರಾಟದಷ್ಟಲ್ಲ. ಹಾಗಾಗಿ ಎಎಂ ಟ್ಯಾಗಿನ ಹೆಚ್ಚಿನ ಬೆಲೆ ಕಾಲ ಕಳೆದಂತೆ ಗೊತ್ತಾಗುವುದಿಲ್ಲ. ಬಾಗಿಲು ಅಗಲವಿದ್ದರೆ ಎಎಂ. 4 ಅಡಿಯ ಕಿರಿದು ಬಾಗಿಲು, ಸುತ್ತ ಲೋಹ ಕಡಿಮೆ, ಕೈಯಲ್ಲಿ ದುಡ್ಡು ಕಡಿಮೆ ಅಂದರೆ ಆರ್‌ಎಫ್ ಸಾಕು.

ಸೂಪರ್‌ಮಾರ್ಕೆಟ್‌ನ ಲೆಕ್ಕ ಬೇರೆ. ಸ್ಟಿಕ್ಕರ್ ಗಿರಾಕಿಯ ಜೊತೆ ಹೋಗಿಬಿಡುತ್ತದೆ. ದಿನಕ್ಕೆ 100 ವಸ್ತುವಿಗೆ ಅಂಟಿಸಿದರೆ ವರ್ಷಕ್ಕೆ 36,500 ಸ್ಟಿಕ್ಕರ್. ಒಂದಕ್ಕೆ ಒಂದು ರೂಪಾಯಿ ವ್ಯತ್ಯಾಸ ಅಂದರೂ ವರ್ಷಕ್ಕೆ 36,500 ರೂಪಾಯಿ. ಇಲ್ಲಿ ಆರ್‌ಎಫ್ ಗೆಲ್ಲುತ್ತದೆ. ಎಲ್ಲದಕ್ಕೂ ಅಂಟಿಸಬೇಡಿ, ಪದೇಪದೇ ಕಾಣೆಯಾಗುವ ಹತ್ತು ಹದಿನೈದು ಮಾಲಿಗೆ ಮಾತ್ರ ಅಂಟಿಸಿ. ತುಪ್ಪ, ಹಾಲಿನಪುಡಿಯ ಡಬ್ಬಿಯನ್ನು ಗಲ್ಲಾ ಹಿಂದೆ ಇಡಿ. ಅದಕ್ಕೆ ಯಂತ್ರವೇ ಬೇಡ.

ಸೀರೆ ಅಂಗಡಿಯವರಿಗೆ ಒಂದು ಮಾತು. ಮೈಸೂರು ಸಿಲ್ಕ್, ಇಳಕಲ್ ಸೀರೆಗೆ ಪಿನ್ ಚುಚ್ಚಿದರೆ ತೂತು ಉಳಿಯುತ್ತದೆ, ಜರಿ ಹರಿಯುತ್ತದೆ. ದಾರ ಅಥವಾ ತೆಳು ಕೇಬಲ್ ಇರುವ ಟ್ಯಾಗ್ ಕೇಳಿ. ಜಮಖಾನದ ಮೇಲೆ ಕೂರಿಸಿ ಒಂದೊಂದೇ ಬಿಚ್ಚಿ ತೋರಿಸುವ ಅಂಗಡಿಯಾದರೆ, ಆ ದುಡ್ಡಿನಲ್ಲಿ ಇನ್ನೊಬ್ಬ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಳ್ಳುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಚಪ್ಪಲಿ ಅಂಗಡಿಯವರು ಜೋಡಿಯಲ್ಲಿ ಒಂದನ್ನೇ ಹೊರಗಿಟ್ಟರೆ ಸಾಕು. 150 ಚದರ ಅಡಿಯೊಳಗಿನ ಯಾವ ಅಂಗಡಿಗೂ ನಾನು ಗೇಟ್ ಹೇಳುವುದಿಲ್ಲ. ಗಲ್ಲಾವನ್ನು ಬಾಗಿಲ ಕಡೆ ತಿರುಗಿಸಿ, ಮೂಲೆಗೆ ಉಬ್ಬು ಕನ್ನಡಿ ಹಾಕಿ.

ಒಂದು ಎಚ್ಚರ: ಎಎಂ ಟ್ಯಾಗ್ ಆರ್‌ಎಫ್ ಗೇಟಿಗೆ ಕಾಣುವುದಿಲ್ಲ, ಆರ್‌ಎಫ್ ಟ್ಯಾಗ್ ಎಎಂಗೆ ಕಾಣುವುದಿಲ್ಲ. ಒಂದನ್ನು ಹಿಡಿದರೆ ವರ್ಷಗಟ್ಟಲೆ ಅದೇ. ನಿಮ್ಮಲ್ಲಿಗೆ ಬರುವ ಬ್ರಾಂಡ್ ಮಾಲಿಗೆ ಕಂಪನಿಯವರೇ ಒಳಗೆ ಟ್ಯಾಗ್ ಹಾಕಿ ಕಳಿಸುತ್ತಿದ್ದಾರೋ, ಅದು ಯಾವ ಬಗೆಯದು ಅಂತ ಮೊದಲು ನೋಡಿ.

ಜನ ನಿಲ್ಲುವ ಜಾಗ

ಕಂಬವನ್ನು ಜನ ನಡೆದು ಹೋಗುವ ಕಡೆ ಇಡಬೇಕು, ನಿಲ್ಲುವ ಕಡೆ ಇಡಬಾರದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇಂಥ ಗೇಟನ್ನು ಸುಮ್ನೆ ನಡೆದು ದಾಟಬೇಕು, ಪಕ್ಕದಲ್ಲಿ ನಿಲ್ಲಬಾರದು, ಒರಗಬಾರದು ಅಂತ ಔಷಧ, ವೈದ್ಯಕೀಯ ಸಾಧನಗಳನ್ನು ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 1998ರಲ್ಲೇ ಎಚ್ಚರಿಸಿದೆ. ನಮ್ಮಲ್ಲಿ ಏನಾಗುತ್ತದೆ? ಬಾಗಿಲಲ್ಲೇ ಚಪ್ಪಲಿ ಬಿಡುತ್ತಾರೆ. ವಯಸ್ಸಾದವರು ಕಂಬ ಹಿಡಿದುಕೊಂಡೇ ಬಗ್ಗುತ್ತಾರೆ. ಪಕ್ಕದಲ್ಲಿ ಕೂರಲು ಬೆಂಚು ಬೇರೆ ಹಾಕಿರುತ್ತೇವೆ. ಚಪ್ಪಲಿ ಸ್ಟ್ಯಾಂಡ್, ಬೆಂಚು, ಬಿಲ್ಲಿಂಗ್ ಸಾಲು ಮೂರೂ ಕಂಬದಿಂದ ದೂರ ಇರಲಿ. ಇಲ್ಲಿ ಕಳ್ಳತನ ತಡೆಯುವ ಗೇಟ್ ಇದೆ ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿ.

ಬೀಪ್ ಬಂತು ಅಂದರೆ ಕಳ್ಳ ಸಿಕ್ಕ ಅಂತಲ್ಲ. ಬೇರೆ ಅಂಗಡಿಯಲ್ಲಿ ಸಾಯಿಸದೇ ಬಿಟ್ಟ ಸ್ಟಿಕ್ಕರ್ ಇರಬಹುದು, ನಿಮ್ಮ ಹುಡುಗ ಪಿನ್ ತೆಗೆಯಲು ಮರೆತಿರಬಹುದು. ಗಿರಾಕಿಯನ್ನು ಅಡ್ಡಗಟ್ಟಿ ನಿಲ್ಲಿಸಿಕೊಂಡರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕೆಳಗೆ ನಿಮ್ಮ ಮೇಲೆಯೇ ದೂರು ಬರಬಹುದು. ಕೆಲಸದವರಿಗೆ ಒಂದೇ ವಾಕ್ಯ ಕಲಿಸಿ: "ಅಮ್ಮಾ, ಟ್ಯಾಗ್ ತೆಗೆಯೋದು ನಾವು ಮರೆತಿರಬೇಕು, ಒಂದ್ನಿಮಿಷ ನೋಡ್ತೀವಿ." ತಪ್ಪು ನಮ್ಮದು ಅಂತಲೇ ಮಾತು ಶುರುವಾಗಲಿ.

ದುಡ್ಡು ಕೊಡುವ ಮುಂಚೆ

ಡೆಮೊ ಸಂಜೆ 7ಕ್ಕೆ ಇಟ್ಟುಕೊಳ್ಳಿ. ಎಲ್ಲ ದೀಪ, ಬೋರ್ಡ್, ಎಸಿ, ಬಿಲ್ಲಿಂಗ್ ಕಂಪ್ಯೂಟರ್ ಚಾಲೂ ಇರಲಿ. ನೀವು ನಿಜವಾಗಿ ಬಳಸುವ ಟ್ಯಾಗನ್ನೇ ಹಿಡಿಯಿರಿ, ಅವರು ತಂದ ದೊಡ್ಡ ಟ್ಯಾಗನ್ನಲ್ಲ. ಕಾಲ ಗಂಟಿನ ಹತ್ತಿರ, ಸೊಂಟದ ಹತ್ತಿರ, ಭುಜದ ಹತ್ತಿರ ಹಿಡಿದು ಗೇಟಿನ ಸರಿ ನಡುವೆ ದಾಟಿ. ಟ್ಯಾಗನ್ನು ಅಡ್ಡ, ಉದ್ದ, ಮಲಗಿಸಿ ಮೂರೂ ರೀತಿ ಹಿಡಿಯಿರಿ. ಒಂದೊಂದು ರೀತಿಗೆ ಹತ್ತು ಸಲದಂತೆ ಒಟ್ಟು 90 ಸಲ ಆಗುತ್ತದೆ. ಬೇಸರವಾದರೂ ಮಾಡಿ, ಎಷ್ಟು ಸಲ ಕೂಗಿತು ಅಂತ ಬರೆದುಕೊಳ್ಳಿ. ಆಮೇಲೆ ಟ್ಯಾಗ್ ಇಲ್ಲದೆ ಅಷ್ಟೇ ಸಲ ದಾಟಿ. ಆಗ ಒಂದು ಸಲವೂ ಕೂಗಬಾರದು. ಸೆನ್ಸಿಟಿವಿಟಿ ಇಳಿಸಿದರೆ ಮತ್ತೆ 90 ಸಲ ನಡೆದು ತೋರಿಸಬೇಕು ಅಂತ ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ) ಕಾಗದದಲ್ಲೇ ಬರೆಸಿ.

ನಾವು ಕೊನೆಗೆ ಶಟರ್‌ನಿಂದ 4 ಅಡಿ ಒಳಗೆ ಸರಿದು, ಗಾಜು ನಿಲ್ಲಿಸಿ ದಾರಿ ಕಿರಿದು ಮಾಡಿ, ಎಎಂ ಜೋಡಿ ಹಾಕಿಸಿದೆವು. ಬೋರ್ಡಿನ ಸಪ್ಲೈಯನ್ನು ಎಲೆಕ್ಟ್ರಿಷಿಯನ್ ಬಂದು ಬಾಗಿಲಿನಿಂದ ಆಚೆ ಮೂಲೆಗೆ ಸಾಗಿಸಿದ. ಬಾಗಿಲಲ್ಲಿದ್ದ ಎರಡು ಬೊಂಬೆ ಒಳಗೆ ಹೋದವು. ಅದಕ್ಕೆ ಅಣ್ಣನಿಗೆ ಇನ್ನೂ ಬೇಜಾರಿದೆ. ಈಗ ಪ್ರತಿ ಸೋಮವಾರ ಸಂಜೆ ದೀಪ ಹಾಕಿದ ಮೇಲೆ ಅವನ ಮಗಳು ಟ್ಯಾಗ್ ಹಿಡಿದು ಗೇಟಿನ ನಡುವೆ ಹತ್ತು ಸಲ ಓಡಿ, ಲೆಕ್ಕವನ್ನು ಗಲ್ಲಾದ ಪುಸ್ತಕದಲ್ಲಿ ಬರೆಯುತ್ತಾಳೆ.